ಇದು ಹಾಲಲ್ಲ

ಸತ್ತವರು ಮಾತಾಡುತ್ತಾರೆ ಎನ್ನುವವರನ್ನು ಕಂಡರೆ ನನಗೆ ತಾತ್ಸಾರ. ಅದು ಈಗಲೂ ಕಡಿಮೆಯಾಗಿಲ್ಲ. ತೀರಾ ಅಚ್ಚುಕಟ್ಟಾಗಿ ನೆನಪಾಗುವ ಸಂಗತಿಗಳನ್ನೂ ನಾನು ನಂಬುವುದಿಲ್ಲ. ಇದನ್ನು ಹೇಗೆ ನೆನಪಿದೆಯೋ ಹಾಗೆ ಬರೆಯುತ್ತೇನೆ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಲಾಯಿಲದಲ್ಲಿರುವ ನನ್ನ ತಂಗಿ ವನಿತಾಳಿಗೆ ಆಗ ಮೂವತ್ತು ತುಂಬಿರಲಿಲ್ಲ. ಮಗುವಿಗೆ ಹಾಲು ಬಿಡಿಸುವ ಹೊತ್ತಿಗೆ ಎಡ ಮೊಲೆಯಲ್ಲಿ ಗಂಟು ಸಿಕ್ಕಿತು. ಹಾಲು ಕಟ್ಟಿದೆ ಎಂದು ಅವಳ ಅತ್ತೆ ಮಲ್ಲಿಗೆ ಹೂ ಇಟ್ಟು ಬಟ್ಟೆ ಬಿಗಿದರು; ಹೂ ಹಾಲನ್ನು ಬತ್ತಿಸುತ್ತದಂತೆ. ಗಂಟು ಬತ್ತಲಿಲ್ಲ. ಮೂಡುಬಿದಿರೆಯ ಡಾಕ್ಟರು ಸರಿಯಾಗಿ ಮುಟ್ಟಿಯೂ ನೋಡದೆ, "ಈ ಪ್ರಾಯಕ್ಕೆ ಕ್ಯಾನ್ಸರಾ? ಮೊಬೈಲ್ ನೋಡುವುದು ಸ್ವಲ್ಪ ಕಮ್ಮಿ ಮಾಡಿ" ಎಂದು ನಕ್ಕರು. ಬಂಟ್ವಾಳದ ಜ್ಯೋತಿಷಿ ಇನ್ನೂ ಬುದ್ಧಿವಂತ. ಎಳೆ ಪ್ರಾಯದಲ್ಲಿ ತೀರಿಹೋದ, ಗಂಡನ ಸೋದರತ್ತೆಗೆ ಅಗೆಲು ಬಡಿಸಬೇಕೆಂದ. ಗಂಟು ಯಾರಿಗೋ, ಊಟ ಯಾರಿಗೋ.

ಅಗೆಲು ಎಂದರೆ ಸತ್ತವರಿಗೆ ಎಲೆ ಹಾಕಿ ಬಡಿಸಿ, ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಕಾಯುವುದು. ಆ ಸಂಜೆ ನಾವೂ ಜಗಲಿಯಲ್ಲಿ ನಿಂತೆವು. ಕೋಳಿ ಸಾರಿನಿಂದ ಗುಣವಾಗುವುದಾದರೆ ಆಸ್ಪತ್ರೆಗಳೇಕೆ ಎಂದು ನಾನು ಒಳಗೊಳಗೇ ನಗುತ್ತಿದ್ದೆ. ಆಗ ಮುಚ್ಚಿದ ಕೋಣೆಯಿಂದ ತುಳುವಿನಲ್ಲಿ ಹೆಂಗಸೊಬ್ಬಳ ಸ್ವರ ಕೇಳಿತು.

"ಉಂದು ಪೇರ್ ಅತ್ತ್." ಇದು ಹಾಲಲ್ಲ.

ಅಷ್ಟೇ. ವನಿತಾ ತಟ್ಟನೆ ತಲೆ ಎತ್ತಿದಳು. ಅತ್ತೆಗೆ ಏನೂ ಕೇಳಿಸಿರಲಿಲ್ಲ. ಗಂಡ ಬಾಗಿಲು ತೆಗೆದರೆ ಒಳಗೆ ಯಾರೂ ಇಲ್ಲ. ಮರುದಿನ ವನಿತಾ ಯಾರನ್ನೂ ಕೇಳದೆ ಮಂಗಳೂರಿನ ಬಸ್ಸು ಹತ್ತಿದಳು.

ಅಲ್ಲಿ ಸೂಜಿ ಹಾಕಿ ಚೂರು ತೆಗೆದು ಪರೀಕ್ಷಿಸಿದರು. ಕ್ಯಾನ್ಸರೇ. ಇನ್ನೂ ಕಾಯುತ್ತಿದ್ದರೆ ಕೈಮೀರುತ್ತಿತ್ತು ಎಂದರು. ಗಂಟು ಸಣ್ಣದಾಗಲೆಂದು ಮೊದಲು ಕೀಮೋ, ಆಮೇಲೆ ಆಪರೇಷನ್, ರೇಡಿಯೇಷನ್. ಕೂದಲು ಹೋಯಿತು, ಮೊಲೆ ಹೋಯಿತು, ಅವಳು ಉಳಿದಳು. "ಅಗೆಲು ಬಡಿಸಿದ್ದಕ್ಕೆ ಗುಣ ಆದದ್ದು" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಾರೆ. ಅವಳು ಬಚ್ಚಲಲ್ಲಿ ಬಗ್ಗಿ ವಾಂತಿ ಮಾಡಿದ ತಿಂಗಳುಗಳು ಆ ಕತೆಯಲ್ಲಿ ಬರುವುದಿಲ್ಲ.

ಮೊನ್ನೆ ವನಿತಾಳನ್ನು ಕೇಳಿದೆ, ಆ ಸ್ವರಕ್ಕೆ ಹೆದರಿಕೆಯಾಗಲಿಲ್ಲವಾ ಎಂದು.

"ಹೆದರ್ಲಿಕ್ಕೆ ಎಂತ ಉಂಟು? ಹಾಲಲ್ಲ ಅಂತ ನೀನೇ ಹೇಳಿದ್ದಲ್ವಾ ಅಕ್ಕ? ಸತ್ತವರ ಮಾತು ಕೇಳಿ ಬಸ್ಸು ಹತ್ತಲಿಕ್ಕೆ ನನಗೆ ಮಂಡೆ ಸಮ ಇಲ್ವಾ?"

ಆ ಸಂಜೆ ನಾನು ಅವಳ ಪಕ್ಕದಲ್ಲೇ ಮಗುವನ್ನು ಎತ್ತಿಕೊಂಡು ನಿಂತಿದ್ದೆ. ಬಾಯಿ ತೆರೆದಿರಲಿಲ್ಲ. ಸ್ವರ ಬಂದದ್ದು ಕೋಣೆಯೊಳಗಿಂದ. ಕೋಣೆಯೊಳಗೆ ಯಾರೂ ಇರಲಿಲ್ಲ. ಈ ಎರಡನ್ನೂ ನಾನು ಇವತ್ತಿಗೂ ಆಣೆಯಿಟ್ಟು ಹೇಳಬಲ್ಲೆ.