ಒಂದು ಟ್ಯಾಂಕರ್ ನೀರು, ಒಂದಿಷ್ಟು ಸುಣ್ಣ

ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿ ಓದಿ ಗರುಡಾಚಾರ್‌ಪಾಳ್ಯದ ಕಬ್ಬಿಣಕ್ಕೆ ಲೋಹದ ಲೇಪ ಹಾಕುವ ಸಣ್ಣದೊಂದು ಪ್ಲೇಟಿಂಗ್ ಕಾರ್ಖಾನೆಗೆ ಸೇರಿದಾಗ ನನಗೆ ಕೊಂಬು ಬಂದಿತ್ತು. ನಮ್ಮದು ಕಗ್ಗದಾಸಪುರದಲ್ಲಿ ರಾಗಿ ಬೆಳೆಯುತ್ತಿದ್ದ ಮನೆ. ಹೊಲವೆಲ್ಲ ಸೈಟುಗಳಾದ ಮೇಲೆ ಅಪ್ಪ ಉಳಿದ ಮೂಲೆಯಲ್ಲಿ ಬೋರ್‌ವೆಲ್ ಕೊರೆಸಿ, ಟ್ಯಾಂಕರಿನಲ್ಲಿ ನೀರು ಮಾರುತ್ತಿದ್ದರು. ಮೂರು ತಿಂಗಳಲ್ಲಿ ಕೆಲಸ ಖಾಯಂ ಆಗದಿದ್ದರೆ ಬಂದು ಟ್ಯಾಂಕರ್ ಓಡಿಸಬೇಕು ಎಂದು ನನಗೆ ಗಡುವು ಕೊಟ್ಟಿದ್ದರು.

ಮೂರನೆಯ ತಿಂಗಳ ಕೊನೆಗೆ ಓನರ್ ನನ್ನನ್ನು ಹಿತ್ತಲಿನ ದೊಡ್ಡ ತೊಟ್ಟಿಯ ಬಳಿ ಕರೆದೊಯ್ದರು. ಅದರ ತಳದಲ್ಲಿ ಕಬ್ಬಿಣ ತೊಳೆದ ಆ್ಯಸಿಡ್ ನೀರು, ಸಾವಿರ ಲೀಟರ್. ಹುಳಿಯ ಅಳತೆಯಾದ ಪಿಎಚ್ ಒಂದು, ಅಂದರೆ ಕಡು ಹುಳಿ. ಮರುದಿನ ಕಾರ್ಖಾನೆಯ ಕೊಳೆನೀರಿನ ತಪಾಸಣೆಯವರು ಬರುವಷ್ಟರಲ್ಲಿ ಅದು ಆರು ದಾಟಬೇಕು, ದಾಟದಿದ್ದರೆ ನಾನು ಮತ್ತೆ ಬರುವುದು ಬೇಡ ಎಂದು ಹೇಳಿ ಊಟಕ್ಕೆ ಹೋದರು.

ಯಾರನ್ನಾದರೂ ಕೇಳಬಹುದಿತ್ತು. ಆದರೆ ಕೆಮಿಸ್ಟ್ ಎಂಬ ಮರ್ಯಾದೆ ಏನಾಗಬೇಕು? ಕೂತು ಲೆಕ್ಕ ಹಾಕಿದೆ. ಆ್ಯಸಿಡ್ ಒಂದು, ಒಳ್ಳೆಯ ನೀರು ಏಳು. ಒಂದು ಪಾಲಿಗೆ ಆರು ಪಾಲು ನೀರು ಬೆರೆಸಿದರೆ ಸರಾಸರಿ ಆರಕ್ಕೂ ಮೇಲೆ. ಆರು ಸಾವಿರ ಲೀಟರ್ ಅಂದರೆ ಸರಿಯಾಗಿ ಅಪ್ಪನ ಒಂದು ಟ್ಯಾಂಕರ್! ನೀರು ಮಾರುವವರ ಮನೆಯಲ್ಲಿ ಹುಟ್ಟಿದವನಿಗೆ ನೀರಿನಿಂದ ಬಗೆಹರಿಯದ ಕಷ್ಟ ಲೋಕದಲ್ಲಿ ಇರುವುದಿಲ್ಲ. ಮನೆಗೆ ಫೋನ್ ಮಾಡಿದೆ.

ಅಪ್ಪನೇ ಬಂದು ಟ್ಯಾಂಕರನ್ನು ಪೂರ್ತಿ ತೊಟ್ಟಿಗೆ ಬಿಟ್ಟರು. ಹುಳಿಗೆ ತಕ್ಕಂತೆ ಬಣ್ಣ ಬದಲಿಸುವ ಪಿಎಚ್ ಕಾಗದ ಅದ್ದಿದೆ. ಎರಡು. ಇನ್ನೊಂದು ಅದ್ದಿದೆ. ಅದೂ ಎರಡೇ. ಕಾಲೇಜಿನಲ್ಲಿ ಬಾಯಿಪಾಠ ಮಾಡಿ ಮರೆತಿದ್ದ ಲಾಗರಿದಮ್ ಆಗ ನೆನಪಾಯಿತು. ಪಿಎಚ್ ಒಂದು ಮೆಟ್ಟಿಲು ಏರಬೇಕಾದರೆ ನೀರು ಹತ್ತು ಪಟ್ಟಾಗಬೇಕು. ಆರು ಮುಟ್ಟಲು ಇನ್ನೂ ಹದಿನಾರು ಸಾವಿರ ಟ್ಯಾಂಕರಾದರೂ ಬೇಕು. ನಾಚಿಕೆ ಬಿಟ್ಟು ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ನೀರು ಇನ್ನೂ ಹುಳಿಯಾಗಿಯೇ ಇದೆ, ನನ್ನ ಕೆಲಸ ಹೋಯಿತು ಎಂದೆ.

"ಹೊಲದ ಮಣ್ಣು ಹುಳಿ ಆದ್ರೆ ನಾವು ಸುಣ್ಣ ಹಾಕ್ತಿರ್ಲಿಲ್ವಾ?" ಎಂದರು ಅಪ್ಪ.

ಅವರು ಮನೆಗೆ ಹೋಗಿ, ಗೋಡೆಗೆ ಬಳಿದು ಉಳಿದಿದ್ದ ಸುಣ್ಣದ ಪುಡಿಯ ಚೀಲ ತಂದು, ಇಡಿಯಾಗಿ ಸುರಿಯಲು ಎತ್ತಿದರು. ನಾನು ಅವರ ಕೈ ಹಿಡಿದುಕೊಂಡೆ. ಅಷ್ಟನ್ನೂ ಸುರಿದರೆ ಹುಳಿ ಹೋಗಿ ಕ್ಷಾರ ಏರುತ್ತಿತ್ತು, ತಪಾಸಣೆಯವರಿಗೆ ಅದೂ ಆಗದು. ಈ ಸಲ ಸರಾಸರಿಯ ಸಹವಾಸಕ್ಕೆ ಹೋಗದೆ, ಇದ್ದ ಆ್ಯಸಿಡ್ ಎಷ್ಟೋ ಅಷ್ಟಕ್ಕೆ ಮಾತ್ರ ಸುಣ್ಣದ ಲೆಕ್ಕ ಹಾಕಿದೆ. ನಾಲ್ಕು ಕೇಜಿಗೂ ಕಡಿಮೆ ಬಂತು. ಏಳು ಸಾವಿರ ಲೀಟರಿಗೆ ಇಷ್ಟೇನಾ ಎಂದು ಅಪ್ಪ ನಂಬಲೇ ಇಲ್ಲ. ನಾನು ಡಬ್ಬದಲ್ಲಿ ಸ್ವಲ್ಪ ಸ್ವಲ್ಪವೇ ಹಾಕುತ್ತಾ ಹೋದೆ, ಅವರು ಗೊಣಗುತ್ತಾ ಬಿದಿರು ಗಳದಿಂದ ಕಲಕಿದರು. ಕೆಂಪಗಿದ್ದ ಕಾಗದ ಹಳದಿಯಾಗಿ, ಕೊನೆಗೆ ಹಸಿರಾಯಿತು, ಅಂದರೆ ಏಳು. ಚೀಲದಲ್ಲಿ ಮುಕ್ಕಾಲು ಭಾಗ ಹಾಗೇ ಉಳಿದಿತ್ತು. ಅಪ್ಪ ತಾವೇ ಇನ್ನೊಂದು ಕಾಗದ ಅದ್ದಿ, ಬಿಸಿಲಿಗೆ ಹಿಡಿದು ನೋಡಿದರು.

ನನ್ನ ಕೆಲಸ ಖಾಯಂ ಆಯಿತು. ಆ ಭಾನುವಾರ ನೀರು ಬೇಕೆಂದು ಹೇಳಲು ಬಂದವರೊಬ್ಬರಿಗೆ ಅಪ್ಪ ನನ್ನನ್ನು ತೋರಿಸಿದರು. "ನಮ್ ಹುಡುಗ ಕೆಮಿಸ್ಟು. ಎಷ್ಟು ಸುಣ್ಣ ಬೇಕೋ ಗ್ರಾಂ ಲೆಕ್ಕದಲ್ಲಿ ಹೇಳ್ತಾನೆ." ನನ್ನ ಎದೆ ತುಂಬಿ ಬಂತು. ಬಂದವರು ಹಾಗಾದರೆ ತಮ್ಮ ಮದುವೆ ಮನೆಗೆ ಎಷ್ಟು ಟ್ಯಾಂಕರ್ ಬೇಕಾಗಬಹುದು ಎಂದು ನನ್ನ ಕಡೆ ತಿರುಗಿದರು.

"ಅದನ್ನ ಮಾತ್ರ ನನ್ನ ಕೇಳಿ," ಎಂದರು ಅಪ್ಪ.