ಸೋಲಿಸಿ ನೋಡಿದ ವರ

ನನ್ನ ಮೊಮ್ಮಗಳ ಮದುವೆ ಗೊತ್ತಾಗಿದೆ. ಸಾಸ್ವೆಹಳ್ಳಿಯಲ್ಲಿ ಎಲ್ಲರಿಗೂ ಎರಡೆರಡು ಸಲ ಹೇಳಿ ಮುಗಿಸಿದ್ದೇನೆ, ಇನ್ನು ಹೇಳಲು ಯಾರೂ ಉಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೂರನೇ ಕ್ಲಾಸು ಓದಿದವಳು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಈ ಮದುವೆ ಇನ್ನೇನು ತಪ್ಪಿಹೋಗುತ್ತಿತ್ತು. ತಪ್ಪಿಸುತ್ತಿದ್ದವಳು ನಾನೇ.

ಹುಡುಗ ಚನ್ನಗಿರಿಯಲ್ಲಿ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದಾನೆ. ಹೆಣ್ಣು ನೋಡಲು ಬಂದ ದಿನ ಉಪ್ಪಿಟ್ಟು ತಿಂದ, ತಲೆ ಬಗ್ಗಿಸಿ ಕೂತ, ಎಲ್ಲ ಸರಿ. ಹೊರಡುವಾಗ ಅವನ ಚೀಲದಿಂದ ಒಂದು ಯಂತ್ರ ಜಾರಿ ಬಿತ್ತು. ಫೋನಿಗಿಂತ ಅಗಲ, ಎರಡೂ ಬದಿಗೆ ಗುಂಡಿಗಳು. ಏನದು ಎಂದು ಕೇಳಿದರೆ, "ಗೇಮ್ ಆಡೋದು ಅಜ್ಜಿ" ಅಂದ.

ಆಟ ಅಂದರೆ ನನಗೆ ಆಗುವುದಿಲ್ಲ. ನನ್ನ ತಮ್ಮ ಇಸ್ಪೀಟು ಆಡುತ್ತಿದ್ದ. ಗೆದ್ದ ದಿನ ಹೆಂಡತಿಗೆ ಮಲ್ಲಿಗೆ ಹೂವು, ಸೋತ ದಿನ ಏಟು. ಈಗಂತೂ ಇಸ್ಪೀಟು ಫೋನಿನೊಳಗೇ ಬಂದು ಕೂತಿದೆಯಂತೆ.

"ಅದು ಹುಡುಗ್ರು ಆಡೋ ಆಟ ಕಣವ್ವ," ಎಂದು ಮಗ ನಕ್ಕ.

"ಗಡ್ಡ ಬಂದೋನು ಹುಡುಗ್ರ ಆಟ ಯಾಕೆ ಆಡ್ತಾನೋ?"

ಮೊಮ್ಮಗಳನ್ನು ಸಾಕಿದವಳು ನಾನು. ಅವಳು ಕಣ್ಣು ಒರೆಸಿಕೊಂಡು, "ನಂಗೆ ಒಪ್ಪಿಗೆ ಐತೆ. ಆದ್ರೆ ಅಜ್ಜಿ ಹೂಂ ಅನ್ನದೆ ಹಸೆಮಣೆ ಏರಲ್ಲ," ಅಂದಳು. ಶುಕ್ರವಾರ ಅವರಿಗೆ ಮಾತು ಕೊಡಬೇಕಿತ್ತು.

ಬುಧವಾರ ನಮ್ಮ ಮಿಕ್ಸಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಚನ್ನಗಿರಿ ಬಸ್ಸು ಹತ್ತಿದೆ.

"ಬರ್ರಿ ಅಜ್ಜಿ," ಎಂದು ಹುಡುಗ ಸ್ಟೂಲು ಒರೆಸಿ ಕೊಟ್ಟ. ಮಿಕ್ಸಿ ಬಿಚ್ಚಿದ, ತಿರುಗಿಸಿದ. "ಇದಕ್ಕೆ ಏನೂ ಆಗಿಲ್ಲಲ್ರೀ."

"ಏನೂ ಆಗದ ಮಿಕ್ಸಿ ಹೊತ್ಕೊಂಡು ಬರಾಕೆ ನಂಗೇನು ಹುಚ್ಚೇನಪ್ಪ?"

ಅವನು ನಕ್ಕ. ಆ ನಗು ಕಂಡು ನನ್ನ ಅನುಮಾನ ಇನ್ನೂ ಹೆಚ್ಚಾಯಿತು. "ಆವತ್ತಿನ ಆ ಡಬ್ಬಿ ತೋರ್ಸು. ದುಡ್ಡು ಹಾಕಿ ಆಡೋದಾ?"

"ಇಲ್ರೀ ಅಜ್ಜಿ. ಇದು ಹಳೇ ಆಟ. ಸಣ್ಣೋನಿದ್ದಾಗ ಮಾವನ ಮನೇಲಿ ಟೀವಿಗೆ ಹಾಕ್ಕೊಂಡು ಆಡ್ತಿದ್ದೆ. ಆಗ ಬೊಂಬೆಗಳು ಕಾಳು ಜೋಡಿಸ್ದಂಗೆ ಕಾಣೋವು. ಈಗ ಅದನ್ನೇ ಹೊಸದಾಗಿ, ಕೈಯಾಗೆ ಹಿಡ್ಕೊಂಡು ಆಡಂಗೆ ಮಾಡಿದ್ದಾರೆ."

ಡಬ್ಬಿ ತೆಗೆದು ತೋರಿಸಿದ. ಅದರ ಗಾಜಿನೊಳಗೆ ಈ ಕಡೆ ನಾಲ್ಕು ಜನ: ಕತ್ತಿ ಹಿಡಿದವನು, ಬಿಲ್ಲಿನವಳು, ಮಂತ್ರ ಹಾಕುವ ಮುದುಕ, ಔಷಧಿ ಕೊಡುವ ಹುಡುಗಿ. ಆ ಕಡೆ ರೆಕ್ಕೆ ಇರುವ ರಾಕ್ಷಸ. ಯಾರೂ ಹೊಡೆಯುತ್ತಿಲ್ಲ, ಎದುರುಬದುರು ನಿಂತಿದ್ದಾರೆ.

"ರಾಕ್ಷಸ ಯಾಕೆ ಸುಮ್ನೆ ನಿಂತಾನೆ?"

"ಈಗ ನಮ್ಮ ಸರದಿ ಅಜ್ಜಿ. ನಾವು ಆಡೋ ತನಕ ಅವ್ನು ಅಲ್ಲಾಡಂಗಿಲ್ಲ."

"ಅಷ್ಟು ಮರ್ಯಾದಸ್ಥ ರಾಕ್ಷಸ ಎಲ್ಲಿರ್ತಾನೋ?"

ದುಡ್ಡು ಇಲ್ಲದಿದ್ದರೇನಂತೆ, ಸೋಲು ಇದ್ದೇ ಇರುತ್ತದಲ್ಲ. ಗೆದ್ದಾಗ ನನ್ನ ತಮ್ಮನೂ ದೇವರಂಥವನೇ. ಇವನನ್ನು ಸೋಲಿಸಿ ನೋಡಬೇಕು ಅನ್ನಿಸಿ ಡಬ್ಬಿಗೆ ಕೈ ಚಾಚಿದೆ. ಯಾವುದು ಒತ್ತಿದರೆ ಹೊಡೆತ, ಯಾವುದು ಒತ್ತಿದರೆ ಔಷಧಿ ಎಂದು ಅವನು ಹೇಳಿಕೊಟ್ಟ. ನಾನು ಬೇಕೆಂದೇ ಹೊಡೆತವನ್ನೇ ಒತ್ತಿದೆ. ಔಷಧಿಯ ಹುಡುಗಿಯನ್ನೂ ಹೊಡೆಯಲು ಕಳಿಸಿದೆ. ಮೊದಲು ಮುದುಕ ಬಿದ್ದ.

"ಔಷಧಿ ಅಜ್ಜಿ, ಔಷಧಿ!"

ಕಿವಿ ಕೇಳದವಳಂತೆ ಮತ್ತೆ ಹೊಡೆತ. ಒಬ್ಬೊಬ್ಬರಾಗಿ ನಾಲ್ವರೂ ಬಿದ್ದರು, ಗಾಜು ಕಪ್ಪಾಯಿತು.

"ಭಾನುವಾರ ಪೂರ್ತಿ ಕೂತು ಆಡಿದ್ದೆಲ್ಲಾ ಹೋತಲ್ಲ ಅಜ್ಜಿ! ಸೇವ್ ಮಾಡಿ ಉಳಿಸಿಟ್ಟಿರ್ಲಿಲ್ಲ!"

ಅವನ ಎರಡೂ ಕಿವಿ ಕೆಂಪಾದವು. ಸ್ಪ್ಯಾನರ್ ಹಿಡಿದಿದ್ದ ಕೈ ಬಿಗಿಯಿತು. ನಾನು ಸ್ಟೂಲನ್ನು ಹಿಂದಕ್ಕೆ ಸರಿಸಿಕೊಂಡೆ. ಅವನು ಸ್ಪ್ಯಾನರನ್ನು ಸದ್ದಾಗದಂತೆ ಕೆಳಗಿಟ್ಟ, ಹೊರಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದ.

"ಬರ್ರಿ, ಮೊದಲಿಂದ ಆಡಾನ. ಈ ಸಲ ಆ ಹುಡುಗೀನ ಹೊಡೆಯಾಕೆ ಕಳಿಸ್ಬೇಡ್ರಿ. ಅವಳು ಇದ್ರೇ ಉಳಿದೋರು ಬದುಕೋದು."

ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ.

ಬಸ್ಸಿನಲ್ಲಿ ಮತ್ತೆ ಅನುಮಾನ. ಹುಡುಗಿಯ ಅಜ್ಜಿ ಬಂದಿದ್ದಾಳೆ ಎಂದು ನಾಟಕ ಮಾಡಿದನೇ? ಮಾತು ನಟಿಸಬಹುದು, ನಗು ನಟಿಸಬಹುದು. ಕಿವಿ ಕೆಂಪು ಮಾಡಿಕೊಳ್ಳುವುದು ಯಾವ ನಾಟಕದವನಿಗೂ ಬರುವುದಿಲ್ಲ. ಹಾಗಾದರೆ ಬಂದ ಸಿಟ್ಟು ನಿಜ. ಸಿಟ್ಟು ನಿಜವಾದರೆ, ಅದನ್ನು ಹೊರಗೆ ಒಯ್ದು ತೊಳೆದುಕೊಂಡು ಬಂದದ್ದೂ ನಿಜವೇ. ಊರು ಬರುವ ತನಕ ಇದನ್ನೇ ತಿರುವಿ ತಿರುವಿ ನೋಡಿದೆ, ಎಲ್ಲೂ ತೂತು ಸಿಗಲಿಲ್ಲ.

ಮೊಮ್ಮಗಳು ಬಾಗಿಲಲ್ಲೇ ಕಾಯುತ್ತಿದ್ದಳು. "ಏನಾತು ಅಜ್ಜಿ? ಹೆಂಗಿದಾರೆ?"

"ಸಿಟ್ಟು ಐತೆ ಅವನಿಗೆ."

ಅವಳ ಮುಖ ಸಣ್ಣಗಾಯಿತು.

"ಬಂದ್ರೂ ಕೈ ಎತ್ತಲ್ಲ, ನೋಡ್ಕೊಂಡು ಬಂದೆ. ನಾನು ಹೂಂ ಅಂದೆ ಅಂತ ನಿಮ್ಮಪ್ಪಂಗೆ ಹೇಳೋಗು."

ಓಡಿದವಳು ಅರ್ಧ ದಾರಿಯಿಂದ ತಿರುಗಿ ಬಂದು, ನನ್ನ ಸೊಂಟಕ್ಕೆ ಕೈ ಹಾಕಿ ನೆಲದಿಂದ ಎತ್ತಿಯೇ ಬಿಟ್ಟಳು. "ಇಳಿಸೇ, ಮೂಳೆ ಮುರಿತೈತೆ!" ಎಂದು ಕೂಗಿದೆ. ಕೇಳುವವರು ಯಾರು?