ಸೊಸೆ ಸೊರಗಿದಳೆಂಬ ಸುದ್ದಿ

ಎಪ್ಪತ್ತರ ದಶಕದ ಕೊನೆಯಲ್ಲಿ ಅಜ್ಜಂಪುರದ ನಮ್ಮ ಮನೆಯ ಸಿರಿವಂತಿಕೆಗೆ ನಾನೇ ಸಾಕ್ಷಿ. ಗಂಡನದು ಈರುಳ್ಳಿ ವ್ಯಾಪಾರ. ಆದರೆ ಅತ್ತೆ ಜನರಿಗೆ ತೋರಿಸುತ್ತಿದ್ದುದು ಈರುಳ್ಳಿಯನ್ನಲ್ಲ, ನನ್ನನ್ನು. ಎರಡನೆಯ ಬಾಣಂತನಕ್ಕೆಂದು ಶುರುವಾದ ಅಂಟಿನುಂಡೆ, ತುಪ್ಪಗಳು ಮಗು ಶಾಲೆಗೆ ಹೋಗುವ ಹೊತ್ತಿಗೂ ನಿಂತಿರಲಿಲ್ಲ. “ನಮ್ಮನೆಗೆ ಬಂದಾಗ ಕಡ್ಡಿ ಇದ್ಲು ಕಣ್ರೀ, ಈಗ ನೋಡಿ,” ಎನ್ನುವರು. ಜನ ನೋಡುವರು. ನೆಲದಿಂದ ನನ್ನನ್ನು ಎಬ್ಬಿಸಲು ಇಬ್ಬರು ಬೇಕಾಗುತ್ತಿದ್ದುದು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ.

ಒಂದು ದಿನ ಅಟ್ಟದ ಮೆಟ್ಟಿಲ ಮೇಲೆ ಉಸಿರು ಸಿಕ್ಕಿಕೊಂಡು ಕುಸಿದುಬಿಟ್ಟೆ. ಗಂಡ ಹೆದರಿ ತರೀಕೆರೆಯ ಲೇಡಿ ಡಾಕ್ಟರ ಬಳಿ ಕರೆದೊಯ್ದರು. ಆಕೆ ತೋಳಿಗೆ ಪಟ್ಟಿ ಸುತ್ತಿ ನೋಡಿ, “ಬಿಪಿ ಜಾಸ್ತಿ ಇದೆಯಮ್ಮ. ಮೊದಲು ತೂಕ ಇಳಿಸು. ತೀರಾ ತೆಳ್ಳಗಾಗೋದೇನೂ ಬೇಡ, ಸ್ವಲ್ಪ ಇಳಿದ್ರೂ ಉಸಿರು, ಮಂಡಿ, ಬಿಪಿ ಎಲ್ಲಕ್ಕೂ ಒಳ್ಳೇದು. ಹೀಗೇ ಬಿಟ್ರೆ ಸಕ್ಕರೆ ಕಾಯಿಲೆನೂ ಬರಬಹುದು,” ಎಂದರು.

ಅತ್ತೆಗೆ ಅವಮಾನವಾಯಿತು. “ಮಾತ್ರೆ ಕೊಡ್ದೆ ಉಣ್ಬೇಡ ಅನ್ನೋಳು ಅದೆಂಥಾ ಡಾಕ್ಟ್ರು?”

ನಾನು ತುಪ್ಪ ಬಿಟ್ಟೆ, ಮುದ್ದೆ ಅರ್ಧ ಮಾಡಿದೆ, ಸಂಜೆ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ನಡೆಯತೊಡಗಿದೆ. “ಎಲ್ಲಿಗ್ ಹೊರಟ್ರಿ?” ಎಂದವರಿಗೆ “ಎಲ್ಲಿಗೂ ಇಲ್ಲ” ಎಂದರೆ ಹುಚ್ಚು ಹಿಡಿದವಳನ್ನು ನೋಡಿದಂತೆ ನೋಡುವರು. ಆಮೇಲೆ ಕೈಯಲ್ಲೊಂದು ಖಾಲಿ ಚೀಲ ಹಿಡಿದೆ. ಊರಿಗೆ ಸಮಾಧಾನವಾಯಿತು.

ಆ ಸಮಾಧಾನ ಹೆಚ್ಚು ಕಾಲ ಉಳಿಯಲಿಲ್ಲ. ರವಿಕೆ ಸಡಿಲವಾಗುತ್ತಲೇ ಊರು ಬಾಯಿ ಬಿಟ್ಟಿತು. ವ್ಯಾಪಾರ ಮುಳುಗಿದೆಯಂತೆ, ಅತ್ತೆ ಊಟ ಹಾಕುವುದಿಲ್ಲವಂತೆ. ಪಕ್ಕದ ಮನೆಯಾಕೆ ಹಿತ್ತಲ ಬಾಗಿಲಿಂದ ಹೋಳಿಗೆ ತಂದು, “ಬೇಗ ತಿನ್ನವ್ವ, ನಿಮ್ಮತ್ತೆ ಬಂದ್ಬಿಡ್ತಾರೆ,” ಎಂದು ಪಿಸುಗುಟ್ಟಿದರು. ಸುದ್ದಿ ಅತ್ತೆಯ ಕಿವಿಗೂ ಬಿತ್ತು. ಅಂದಿನಿಂದ ನನ್ನ ಊಟ ಜಗಲಿಯ ಮೇಲೆ. “ಇಲ್ಲೇ ಉಣ್ಣು, ನಾಲ್ಕ್ ಜನ ನೋಡ್ಲಿ!”

ಲಿಂಗದಹಳ್ಳಿಯಿಂದ ಅವ್ವ ಓಡಿ ಬಂದಳು. ಹೊಸಿಲು ದಾಟುವ ಮುಂಚೆಯೇ ಕಣ್ಣೀರು. “ಏನ್ರೀ ಬೀಗ್ರೇ, ನನ್ ಮಗ್ಳನ್ನ ಕಡ್ಡಿ ಮಾಡಿಟ್ಟಿದೀರಲ್ಲ!”

ಆ ಕಡ್ಡಿಗೆ ಆಗಲೂ ಬಸ್ಸಿನ ಸೀಟಿನಲ್ಲಿ ಒಂದೂವರೆ ಜನರ ಜಾಗ ಬೇಕಿತ್ತು. ಆದರೆ ನಾನು ಯಾರ ಕೈಯನ್ನೂ ಹಿಡಿಯದೆ ನೆಲದಿಂದೆದ್ದೆ; ಅಟ್ಟ ಹತ್ತಿ ಅವ್ವನಿಗೆ ಹಾಸಿಗೆ ಇಳಿಸಿ ತಂದೆ. ಮಂಡಿ ನೋಯಲಿಲ್ಲ, ಏದುಸಿರು ಬರಲಿಲ್ಲ. ಅದನ್ನು ನೋಡಲು ಬೀಗಿತಿಯರಿಬ್ಬರಿಗೂ ಪುರುಸೊತ್ತೆಲ್ಲಿ? ಜಗಳ ಆಗಲೇ ಮದುವೆಯಲ್ಲಿ ಕೊಟ್ಟ ಸೀರೆಗಳವರೆಗೆ ಹೋಗಿತ್ತು.

ಸೊಸೆ ಸೊರಗಿದ್ದು ತಮ್ಮಿಂದಲ್ಲ ಎಂದು ಡಾಕ್ಟರ ಬಾಯಿಂದಲೇ ಹೇಳಿಸಲು ಅತ್ತೆ ಮುಂದಿನ ಸಲ ತಾವೇ ತರೀಕೆರೆಗೆ ಬಂದರು. ನನ್ನ ಬಿಪಿ ಇಳಿದಿತ್ತು. ಡಾಕ್ಟರು ಪಟ್ಟಿ ಬಿಚ್ಚಿ, ಅತ್ತೆಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, “ಕೈ ಕೊಡಿ ಅಜ್ಜಿ,” ಎಂದರು.

ಪಟ್ಟಿ ಸುತ್ತಿ ನೋಡಿ, ನನಗೆ ಹೇಳಿದ್ದನ್ನೇ ಅವರಿಗೂ ಹೇಳಿದರು. ಮರುದಿನ ಸಂಜೆ ಅತ್ತೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. ಸ್ಟೇಷನ್ ರಸ್ತೆಯಲ್ಲಿ ಯಾರೋ ಕೇಳಿದಾಗ, “ಸೊಸೆ ಒಬ್ಳೇ ತಿರುಗ್ತಾಳೆ, ಕಾಯೋಕೆ ಬಂದಿದೀನಿ ಕಣ್ರೀ,” ಎಂದರು. ವರ್ಷಗಟ್ಟಲೆ ಕಾದರು. ತಮ್ಮ ಮಂಡಿ ನೋವು ಕಡಿಮೆಯಾದುದನ್ನು ಕೊನೆಯವರೆಗೂ ಬಾಯಿ ಬಿಟ್ಟು ಹೇಳಲಿಲ್ಲ.